ಎಡ ಅಂಗೈ

ದಾವಣಗೆರೆಯ ಮೂಳೆ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಹರಿಹರದ ಅಜ್ಜಿ, ಮೊಮ್ಮಗಳು ಕೂತಿದ್ದರು.

“ಮಣಿಕಟ್ಟಿನ ಸಿಮೆಂಟ್ ಪಟ್ಟಿ ಬಿಚ್ಚಿ ತಿಂಗಳಾತು ರಶ್ಮಿತಾ. ಅಂಗೈ ಇನ್ನೂ ಮ್ಯಾಲಕ್ಕೆ ತಿರುಗವಲ್ದು.”

“ಎಡಗೈ ತಾನೆ ಅಜ್ಜಿ? ಉಣ್ಣಾಕೆ ಬಲಗೈ ಐತಲ್ಲ.”

“ಲಿಂಗ ಹಿಡಿಯಾದು ಎಡಗೈಯಾಗೆ. ಬೆಳಿಗ್ಗೆ ಪೂಜೆಗೆ ಕುಂತಾಗ ಜಾರಿಬಿಡ್ತು.”

“ಬಿತ್ತಾ?”

“ಮಡಿಲಾಗೆ ಬಿತ್ತು. ನೆಲಕ್ಕೆ ಬಿದ್ದಿದ್ರೆ ಏನ್ ಗತಿ?”

“ಅದಕ್ಕಾ ತಿಂಡಿ ಬ್ಯಾಡ ಅಂದಿದ್ದು?”

“ಪೂಜೆ ಮುಗೀದೆ ಹೆಂಗೆ ತಿನ್ನಲಿ?”

“ಡಾಕ್ಟರಿಗೆ ಹೇಳಾಣ ಬಿಡಜ್ಜಿ.”

“ಹೋದ ಸಲನೂ ಹಂಗೇ ಅಂದಿದ್ದೆ. ಅವರು ಮುಷ್ಟಿ ಹಿಡಿಸಿ ನೋಡಿ, ಕೈ ಚೆನ್ನಾಗೈತೆ ಅಂದ್ರು. ನೀನು ಹೂಂ ಅಂದೆ.”

“ಸರ್ವಮಂಗಳಮ್ಮ!” ನರ್ಸ್ ಕೂಗಿದರು.

ಅಜ್ಜಿ ಎದೆಯ ಮೇಲಿನ ಲಿಂಗವನ್ನು ಬಲಗೈಯಲ್ಲಿ ಒತ್ತಿಹಿಡಿದು ಎದ್ದರು. ಒಳಗೆ ಹೋಗುತ್ತಾ ಮೊಮ್ಮಗಳಿಗೆ ಅಂದರು:

“ಇವತ್ತು ನೀನು ಹೂಂ ಅನ್ನಬ್ಯಾಡ.”