ಪರದೆಯ ಮೇಲಿನ ಹೆಂಡತಿ

ಘತ್ತರಗಿಯ ಹೊಳೆದಂಡೆಯಲ್ಲಿ ನಾನು ದೋಣಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು, ಅಫಜಲಪುರದ ಡೇರೆಯಲ್ಲಿ ನೋಡಿದ ಮೂಕಿ ಸಿನಿಮಾದ ಮಾತಿನಲ್ಲಿದ್ದರು.

“ಇಟಗೊಂಡಾಕಿ ಮನಿಯಿಂದ ಗಂಡ ತಿರುಗಿ ಬಂದಾಗ ಹೇಣ್ತಿ ಎಷ್ಟೊತ್ತು ಬಾಯಿ ಆಡಿಸಿದಳಲ್ಲ ಅಕ್ಕಾ?”

“‘ನೀವೇ ನನ್ನ ದೇವರು’ ಅಂದಳಲ್ಲ.”

“ಆಕಿ ಅನ್ನಲಿಲ್ಲ. ಪರದೆ ಬಾಜೂಕ ನಿಂತು ಕತಿ ಹೇಳಾಂವ ಅಂದ.”

“ಮೂಕಿ ಸಿನಿಮಾದಾಗ ಮತ್ಯಾರು ಅನಬೇಕು?”

“ಆಕಿ ಬೈಯಾಕತ್ತಿದ್ದಳು. ಕಣ್ಣಾಗ ಬೆಂಕಿ ಇತ್ತು.”

“ನಿನಗೇನ್ ಗೊತ್ತು ಬೇ?”

“ಪಂಚರ ಮುಂದ ನಾನೂ ‘ಒಲ್ಲೆ’ ಅನ್ನಾಕ ಬಾಯಿ ತಗದಿದ್ದೆ. ‘ತಂಗಿ ಗಂಡನ ಮನಿಗಿ ಹೋಗತಾಳ’ ಅಂತ ಅಣ್ಣನೇ ಅಂದುಬಿಟ್ಟ.”

ಅಕ್ಕ ನೀರಿನ ಕಡೆ ಮುಖ ತಿರುಗಿಸಿದಳು.

ದೋಣಿ ಬಂತು. “ಎಲ್ಲಿಗಿ ಹೊಂಟೀಯವ್ವಾ?” ಅಂಬಿಗ ತಂಗಿಯನ್ನು ಕೇಳಿದ.

“ಗಂಡನ ಮನಿಗ್ರಿ,” ಎಂದಳು ಅಕ್ಕ, ತಂಗಿಯ ಬಟ್ಟೆಗಂಟನ್ನು ದೋಣಿಯೊಳಗಿಡುತ್ತ.