ಉಸಿರು ಹಿಡಿ

ದೀಪ ಆರಿಸಬೇಡಿ, ಉರಿಯಲಿ. ಇದು ನಮ್ಮ ದೊಡ್ಡಪ್ಪನ ಮಗನಿಗೆ ಆದದ್ದು. ಹೆಸರು ಬೇಡ. ಊರೆಲ್ಲ ಅವನನ್ನು ಕರೆಯುತ್ತಿದ್ದುದು ಅಂದಾಜಪ್ಪ ಅಂತ.

ಆ ರಾತ್ರಿ ಕೆಳಗಿನ ಪೇಟೆಯಲ್ಲಿ ಇಸ್ಪೀಟು ಮುಗಿಸಿ, ಗುಡ್ಡದ ಬುಡದ ಬಾವಿ ದಾಟಿ ಬರುತ್ತಿದ್ದ. ಬೆಳಿಗ್ಗೆ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಅಂಚೆಯವನು ಹೇಳಿದ್ದ.

ಶಿಖರದ ಕೆಳಗೆ ಹವಾಮಾನ ಕೇಂದ್ರ, ಅಲ್ಲಿ ಇವನು ವೀಕ್ಷಕ. ದಿನಾ ರಾತ್ರಿ ಮುನ್ನೂರು ಮೆಟ್ಟಿಲು ಹತ್ತಿ, ತುದಿಯ ಬಿಳಿ ಪೆಟ್ಟಿಗೆ ತೆರೆದು ಉಷ್ಣಮಾಪಕ ನೋಡಬೇಕು. ಪಕ್ಕದಲ್ಲಿ ಮಳೆ ಹಿಡಿಯುವ ಬಾಟಲಿಯ ನೀರು ಅಳೆದು ಚೆಲ್ಲಬೇಕು. ಇಷ್ಟಕ್ಕೇ ಸಂಬಳ. ಮಹಾಶಯ ಹನ್ನೊಂದು ತಿಂಗಳಿಂದ ಹತ್ತಿರಲೇ ಇಲ್ಲ. ಒಲೆ ಮುಂದೆ ಕಾಲು ಚಾಚಿ, ನಿನ್ನೆ ಮೂರು ಡಿಗ್ರಿ, ಇವತ್ತು ಎರಡೂವರೆ ಎಂದು ಗೀಚಿ ಮಲಗುತ್ತಿದ್ದ. ಆ ಶಿಖರವೋ, ಒಂದು ಮಗ್ಗುಲಲ್ಲಿ ಮೋಡ ಹತ್ತಿ ಬಂದು ಸುರಿಯುವಾಗ ಇನ್ನೊಂದು ಮಗ್ಗುಲಲ್ಲಿ ಬಟ್ಟೆ ಒಣಗಿಸಬಹುದು, ಅಂಥದ್ದು. ಇವನಿಗೆ ಅದು ಬರೀ ಬಂಡೆ.

"ಕಲ್ಲಿಗೇನು ಜ್ವರ ಬರುತ್ತಾ, ದಿನಾ ನೋಡೋಕೆ?" ಅನ್ನುತ್ತಿದ್ದ.

ಇವನಿಗೆ ಕೆಲಸ ಕಲಿಸಿದ ಮುದುಕ ಮೂವತ್ತು ವರ್ಷ ಒಂದು ರಾತ್ರಿಯೂ ತಪ್ಪಿಸಿದವನಲ್ಲ. ಮನುಷ್ಯನ ಉಸಿರು ತಾಗಿದರೆ ಪಾದರಸ ಏರುತ್ತದೆ. ಅದಕ್ಕೇ ಗಾಜಿನ ಹತ್ತಿರ ಬಗ್ಗಿದಾಗ ಪಿಸುಗುಟ್ಟುತ್ತಿದ್ದ, "ಉಸಿರು ಹಿಡಿ." ನೋಡಿಯಾದ ಮೇಲೆ, "ಬಿಡು." ಕಡೆಗೆ ಊರುಗೋಲು ಊರಿ ಹತ್ತುತ್ತ ಆ ಮೆಟ್ಟಿಲ ಮೇಲೆಯೇ ತೀರಿಕೊಂಡ. ಅವನ ಮಣ್ಣಿಗೆ ಹೋಗಿ ಬಂದ ದಿನದಿಂದ ಅಂದಾಜಪ್ಪ ಹತ್ತುವುದನ್ನೇ ಬಿಟ್ಟ. ಎಂಥ ಶಿಷ್ಯ ನೋಡಿ!

ಈಗ ಬಾಟಲಿ ತುಂಬಿ ತುಳುಕುತ್ತಿರುತ್ತದೆ, ಪೆಟ್ಟಿಗೆ ಬಾಗಿಲ ಬಿಜಾಗರಿ ತುಕ್ಕು ಹಿಡಿದಿರುತ್ತದೆ. ಸಾಹೇಬರ ಕಣ್ಣಿಗೆ ಬಿದ್ದರೆ ಕೆಲಸಕ್ಕೆ ಎಳ್ಳುನೀರು. ಹಿಂದೆ ಬಾವಿಯ ರಾಟೆ ಕಿರ್‍ರ್... ಅಂದಿತು. ಗಾಳಿ ಅಂದುಕೊಂಡ. ಅದೂ ಅಂದಾಜೇ. ಆಗ ಗಾಳಿಯೇ ಇರಲಿಲ್ಲ.

ಹತ್ತಿದ. ಬಾವಿಯಿಂದಾಚೆ ಮರವಿಲ್ಲ. ನೂರು ಮೆಟ್ಟಿಲಾದ ಮೇಲೆ ಪೊದೆಯೂ ಇಲ್ಲ. ಬಂಡೆ, ಮಂಜು, ಮೂಳೆಗಿಳಿಯುವ ಚಳಿ...

ಪೆಟ್ಟಿಗೆಯ ಬಾಗಿಲು ಸದ್ದಿಲ್ಲದೆ ತೆರೆಯಿತು. ಬಿಜಾಗರಿಗೆ ಹೊಸ ಎಣ್ಣೆ, ಬೆರಳಿಗೆ ಅಂಟಿತು. ಬಾಟಲಿ ಎತ್ತಿ ನೋಡಿದ. ಖಾಲಿ. ಒರೆಸಿ ಇಟ್ಟ ಹಾಗಿತ್ತು. ಯಾವನೋ ದಡ್ಡ ನನ್ನ ಕೆಲಸ ಮಾಡಿಟ್ಟಿದ್ದಾನೆ ಎಂದು ನಕ್ಕ. ಆಗಲೂ ಉಷ್ಣಮಾಪಕದ ಕಡೆ ನೋಡಲಿಲ್ಲ, ಆ ಸೋಮಾರಿ. ಬಾಗಿಲು ಹಾಕಲು ಕೈ ಚಾಚಿದ...

"ಉಸಿರು ಹಿಡಿ."

ಕಿವಿಯ ಹಿಂದೆಯೇ. ಹಿಡಿದ. ಭುಜದ ಮೇಲಿಂದ ಯಾರೋ ಗಾಜಿನ ಕಡೆ ಬಗ್ಗಿದರು. ಟಿಕ್... ಪಾದರಸ ತಳ್ಳುವ ಗುರುತಿನ ಕಡ್ಡಿ ಒಳಗೆ ಸರಿದ ಸದ್ದು. ಆಮೇಲೆ ಕಾಗದದ ಮೇಲೆ ಪೆನ್ಸಿಲು, ಸರ್... ಸರ್...

"ಎಷ್ಟು?"

ಗಾಜು ಇವನ ಕಣ್ಣೆದುರಿಗೇ ಇತ್ತು. ನೋಡಿ ಹೇಳಿದ್ದರೆ ಮುಗಿಯುತ್ತಿತ್ತು. ಹುಟ್ಟುಗುಣ ಎಲ್ಲಿ ಹೋದೀತು?

"ಎರಡೂವರೆ... ಇರಬೇಕು."

"ಥೂ."

ಅಷ್ಟೇ. ಊರುಗೋಲು ಟಕ್, ಟಕ್ ಎಂದು ಮೆಟ್ಟಿಲಿಳಿದು ಹೋಯಿತು. ಅಂದಾಜಪ್ಪ ಕಾದ. "ಬಿಡು" ಅನ್ನಲೇ ಇಲ್ಲ.

ಬೆಳಿಗ್ಗೆ ಸಾಹೇಬರು ಬಂದರು. ಬಿಜಾಗರಿ ನೋಡಿದರು, ಬಾಟಲಿ ನೋಡಿದರು, ಇಷ್ಟು ಚೊಕ್ಕಟ ಎಲ್ಲೂ ಕಂಡಿಲ್ಲ ಎಂದು ಹೊಗಳಿ ಬಡ್ತಿ ಕೊಟ್ಟರು. ಈಗ ಬೇರೆಯವರ ಲೆಕ್ಕ ಸರಿಯಿದೆಯೇ ಎಂದು ನೋಡುವುದೇ ಅವನ ಕೆಲಸವಂತೆ. ನಗಬೇಕೋ ಅಳಬೇಕೋ ನೀವೇ ಹೇಳಿ.

ನಂಬುವುದಾದರೆ ನಂಬಿ. ಮೊನ್ನೆ ಮಂಜಿನ ಬೆಳಿಗ್ಗೆ ಅವನ ಮನೆ ಬಾಗಿಲಲ್ಲಿ ಅರ್ಧ ಗಂಟೆ ಮಾತಾಡುತ್ತ ನಿಂತಿದ್ದೆವು. ನನ್ನ ಬಾಯಿಂದ ಬೆಳ್ಳಗೆ ಹೊಗೆ ಬರುತ್ತಿತ್ತು, ಅತ್ತಿಗೆಯ ಬಾಯಿಂದಲೂ. ಅವನ ಬಾಯಿಂದ ಬರೀ ಮಾತು ಬರುತ್ತಿತ್ತು. ನಾನೇ ಕಣ್ಣಾರೆ ನೋಡಿದ್ದು.