ಕಂಬದ ಬುಡದಲ್ಲಿ ನಿಂತು ಕೇಳೋನು

ಬಾಗಿಲು ಹಾಕ್ಕೊಂಡು ಹತ್ತಿರ ಬನ್ನಿ, ಜೋರಾಗಿ ಹೇಳೋ ಕತೆ ಅಲ್ಲ ಇದು. ನನ್ನ ದೊಡ್ಡಪ್ಪನ ಮಗನಿಗೆ ಆಗಿದ್ದು. ಅರ್ಧ ಅತ್ತಿಗೆ ಹೇಳಿದ್ದು, ಇನ್ನರ್ಧ ನಾನೇ ಕಿವಿಯಾರೆ ಕೇಳಿದೀನಿ. ನಂಬೋರು ನಂಬಿ. ನಂಬದೋರು ಈಗಲೇ ಎದ್ದು ಹೋಗಿ ಮಲಗಿ, ನನಗೇನೂ ನಷ್ಟ ಇಲ್ಲ.

ಈ ಅಣ್ಣನ್ನ ನಾವು ಸಾಹೇಬ್ರು ಅಂತೀವಿ. ಗೌರವಕ್ಕೇನಲ್ಲ. ಕರೆಂಟ್ ಕಂಪನಿಯ ಕಂಟ್ರೋಲ್ ರೂಮಲ್ಲಿ ದೊಡ್ಡ ಕುರ್ಚಿ ಅವರದು. ಊರಿಗೆಲ್ಲ ಸ್ಮಾರ್ಟ್ ಮೀಟರ್ ಹಾಕಿಸಿದ ಮಹಾನುಭಾವರು. ಯಾರು ಎಷ್ಟು ಹೊತ್ತಿಗೆ ಗೀಸರ್ ಹಾಕ್ತಾರೆ, ಯಾರು ನಿದ್ದೆ ಬರದೆ ರಾತ್ರಿಯೆಲ್ಲ ದೀಪ ಹಾಕ್ಕೊಂಡು ಕೂತಿರ್ತಾರೆ, ಎಲ್ಲ ಇವರ ಸ್ಕ್ರೀನ್ ಮೇಲೆ. ನಾಲ್ಕು ಜನ ನೆಂಟರು ಸಿಕ್ಕಿದ್ರೆ ಸಾಕು, ಶುರು ಹಚ್ಕೊಳ್ಳೋರು. ಕೂತಲ್ಲಿಂದ ಒಂದು ಬೆರಳಲ್ಲಿ ಇಡೀ ಬೀದಿ ಆರಿಸ್ತೀನಿ, ಇನ್ನು ಈ ಕಂಬ ಹತ್ತೋ ಮಂದಿ ಯಾಕೆ ಬೇಕು ಅಂತ. ಜೀವಮಾನದಲ್ಲಿ ಒಂದು ಬಲ್ಬ್ ಬದಲಾಯಿಸಿದೋರಲ್ಲ. ಮನೇಲಿ ಬಲ್ಬ್ ಹೋದ್ರೆ ಅತ್ತಿಗೇನೇ ಸ್ಟೂಲ್ ಹಾಕ್ಕೊಂಡು ಹತ್ತಬೇಕು.

ಆ ರಾತ್ರಿ ಸಾಹೇಬ್ರು ನಡ್ಕೊಂಡು ಮನೆಗೆ ಬರ್ತಿದ್ರು. ಯಾಕೆ ನಡ್ಕೊಂಡು ಅಂತೀರಾ? ಅವರದು ಕರೆಂಟ್ ಕಾರು. ಸಂಜೆ ಹೊತ್ತು ಊರಲ್ಲಿ ಲೋಡ್ ಜಾಸ್ತಿ, ಆಗ ಯಾರ ಕಾರೂ ಚಾರ್ಜ್ ಆಗಬಾರದು ಅಂತ ಸಿಸ್ಟಮ್ಮಿಗೆ ಹೇಳಿಟ್ಟೋರು ಇವರೇ. ತಮ್ಮ ಕಾರೂ ಒಂದು ಕಾರು ಅನ್ನೋದು ಮರೆತುಹೋಗಿತ್ತು. ಅದು ಆಫೀಸಿನ ಅಂಗಳದಲ್ಲಿ ಅಲ್ಲಾಡದೆ ನಿಂತಿತ್ತು. ಸಾಹೇಬ್ರು ಬ್ಯಾಗ್ ಹೆಗಲಿಗೆ ಹಾಕ್ಕೊಂಡು, ಯಾರೂ ನೋಡ್ತಿಲ್ಲ ತಾನೇ ಅಂತ ಆಚೆ ಈಚೆ ನೋಡಿ, ಹೊರಟ್ರು.

ದಾರೀಲಿ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿದಾರೆ. ಪಕ್ಕದಲ್ಲೇ ಕರೆಂಟ್ ಕಂಬ. ಜನ ಹತ್ತಿರ ಬಂದ್ರೆ ಬೀದಿದೀಪ ಜೋರಾಗಬೇಕು, ದೂರ ಹೋದ್ರೆ ಸಣ್ಣ ಆಗಬೇಕು. ಅದೂ ಇವರದೇ ಏರ್ಪಾಡು. ಅವತ್ತು ಇವರು ಹತ್ತಿರ ಹೋದಷ್ಟೂ ದೀಪ ಸಣ್ಣ ಆಯ್ತು... ಸಣ್ಣ ಆಯ್ತು... ಬಾವಿ ಎದುರಿಗೆ ಬರೋಷ್ಟರಲ್ಲಿ ಪೂರ್ತಿ ಹೋಯ್ತು.

ನಿಂತ್ರು.

ಕಿರ್ರ್... ಚರ್ಮದ ಬೆಲ್ಟ್ ಎಳೆದು ಬಿಗಿ ಮಾಡೋ ಶಬ್ದ. ಆಮೇಲೆ ಠಕ್ ಅಂತ ಬಕಲ್. ಆಮೇಲೆ ರಬ್ಬರ್ ಗ್ಲೌಸ್ ಹಾಕ್ಕೊಂಡು ಬಿಟ್ಟಾಗ ಮಣಿಕಟ್ಟಿಗೆ ಹೊಡೆಯುತ್ತಲ್ಲ... ಚಟ್. ಕಂಬದ ಬುಡದಲ್ಲಿ ನೋಡಿದ್ರೆ ಯಾರೂ ಇಲ್ಲ.

"ಸಾರ್... ಹತ್ಲಾ?"

ಗೋಳಿಲ್ಲ, ಸಿಟ್ಟಿಲ್ಲ. ಕೆಲಸದ ಮಧ್ಯೆ ಒಬ್ಬ ಇನ್ನೊಬ್ಬನ್ನ ಕೇಳೋ ಹಾಗೆ. ಸಾಹೇಬ್ರು ಮನೆ ಹೇಗೆ ಸೇರಿದ್ರೋ ಅವರಿಗೇ ಗೊತ್ತಿಲ್ಲ. ಒಂದು ಕಾಲಲ್ಲಿ ಮಾತ್ರ ಶೂ ಇತ್ತಂತೆ.

ದನಿ ಯಾರದು ಅಂತ ಅವರಿಗೆ ಬೇರೆಯವರು ಹೇಳಬೇಕಾಗಿರ್ಲಿಲ್ಲ. ಸ್ವಲ್ಪ ದಿನದ ಹಿಂದೆ ಅದೇ ಕಂಬದ ಮೇಲೆ ಒಬ್ಬ ಲೈನ್‌ಮನ್ ಸತ್ತಿದ್ದ. ಅವನಿಗೊಂದು ಅಭ್ಯಾಸ ಇತ್ತು. ಲೈನ್ ಆಫ್ ಆಗಿದೆ, ಹೋಗಿ ಹತ್ತು ಅಂತ ಆಫೀಸಲ್ಲಿ ಹೇಳಿ ಕಳಿಸಿದ್ರೂ, ಕಂಬದ ಬುಡಕ್ಕೆ ಬಂದು, ಬೆಲ್ಟ್ ಕಟ್ಕೊಂಡು, ಇನ್ನೊಂದ್ಸಲ ಫೋನ್ ಮಾಡಿ ಕೇಳೋನು, ಸಾರ್ ಹತ್ಲಾ ಅಂತ. ಹತ್ತು ಅಂದಮೇಲೇನೇ ಕಾಲಿಡೋನು. ಕಂಟ್ರೋಲ್ ರೂಮಿನವರಿಗೆ ಇದೊಂದು ತಮಾಷೆ. ಅವನ ಹೆಸರೇ 'ಹತ್ಲಾ' ಅಂತ ಮಾಡಿಟ್ಟಿದ್ರು. ಫೋನ್ ಬಡ್ಕೊಂಡ್ರೆ ಸಾಕು, ಹತ್ಲಾ ಬಂದ ನೋಡ್ರಪ್ಪ ಅಂತ ನಗೋರು. ರಾತ್ರಿ ಮಂಚ ಹತ್ತೋಕೂ ಹೆಂಡತೀನ ಕೇಳ್ತಾನೇನೋ ಅನ್ನೋರು. ಎಲ್ಲರಿಗಿಂತ ಮೊದಲು ನಗ್ತಿದ್ದೋರು ನಮ್ಮ ಸಾಹೇಬ್ರೇ.

ಅವನು ಸತ್ತಿದ್ದು ಒಂದು ರಜೆ ದಿನ, ಮಧ್ಯಾಹ್ನ. ಸಾಹೇಬ್ರು ಮನೇಲೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಊರಿನ ಕರೆಂಟ್ ಆಳ್ತಿದ್ರು. ಬಾವಿ ಹತ್ತಿರ ಕೊಂಬೆ ಬಿದ್ದು ತಂತಿ ತುಂಡಾಗಿತ್ತು. ಇವರ ಹೊಸ ಸಿಸ್ಟಮ್ಮಿನ ಹೆಚ್ಚುಗಾರಿಕೆ ಏನಂದ್ರೆ, ಒಂದು ಕಡೆ ಲೈನ್ ಹೋದ್ರೆ ಇನ್ನೊಂದು ಕಡೆಯಿಂದ ತಾನೇ ಕರೆಂಟ್ ತಂದು ಕೊಡುತ್ತೆ, ಯಾರೂ ಹೇಳಬೇಕಾಗಿಲ್ಲ. ಹಾಗೆ ಕೊಡಬಾರದು ಅಂದ್ರೆ ಸ್ಕ್ರೀನಲ್ಲಿ ಆ ಕಂಬದ ಮೇಲೆ ಒಂದು ಕೆಂಪು ಗುರುತು ಹಾಕಬೇಕು, ಇಲ್ಲಿ ಆಳು ಕೆಲಸ ಮಾಡ್ತಿದಾನೆ ಅಂತ. ಆದ್ರೆ ಗುರುತು ಹಾಕಿದ್ರೆ ಅಷ್ಟು ಹೊತ್ತು ಆ ಬೀದಿಗೆ ಕರೆಂಟಿಲ್ಲ ಅಂತ ಲೆಕ್ಕಕ್ಕೆ ಬರುತ್ತೆ. ಲೆಕ್ಕಕ್ಕೆ ಬಂದ್ರೆ ಮೇಲಿನವರ ಮುಂದೆ ಇವರ ಮುಖ ಸಣ್ಣಗಾಗುತ್ತೆ. ಅದಕ್ಕೇ ಗುರುತು ಹಾಕೋ ಗೋಜಿಗೇ ಹೋಗ್ತಿರ್ಲಿಲ್ಲ. ಚಿಕ್ಕ ಕೆಲಸ, ಸಿಸ್ಟಮ್ ಎಚ್ಚರಾಗೋದ್ರೊಳಗೆ ಇಳಿದುಬಿಡ್ತಾನೆ ಅಂತ.

ಹತ್ಲಾ ಫೋನ್ ಮಾಡಿದ, ಎಂದಿನ ಹಾಗೆ ಕೇಳಿದ. ಸಾಹೇಬ್ರು ಬಾಯಲ್ಲಿ ತುತ್ತು ಇಟ್ಕೊಂಡೇ ಹತ್ತು ಹತ್ತು ಅಂದ್ರು. ಅವನು ಹತ್ತಿದ. ಸಿಸ್ಟಮ್ ತನ್ನ ಜಾಣತನ ತೋರಿಸ್ತು.

ವರದೀಲಿ ಏನು ಬರೆದ್ರು ಗೊತ್ತಾ? ಫೋನ್ ಬಂದಿದ್ದು ಕೊಂಬೆ ಬಿದ್ದಿದೆ ಅಂತ ತಿಳಿಸೋಕೆ, ಅನುಮತಿ ಕೇಳದೆ ಹತ್ತಿದ, ಅವನದೇ ತಪ್ಪು. ಥೂ! ಹತ್ಲಾ ಅಂತ ಹೆಸರಿಟ್ಟು ಹೊಟ್ಟೆ ಹಿಡ್ಕೊಂಡು ನಕ್ಕವರೇ ಬರೆದ್ರು, ಅವನು ಕೇಳದೆ ಹತ್ತಿದ ಅಂತ.

ಅವನ ಹೆಂಡತಿ ಸಾಹೇಬರ ಮನೆ ಬಾಗಿಲಿಗೆ ಬಂದಿದ್ದಳು. ಪರಿಹಾರದ ಮಾತೇ ಎತ್ತಲಿಲ್ಲ. "ನಮ್ಮೋರು ಕೇಳದೆ ಹತ್ತೋರಲ್ಲ ಸಾರ್," ಅಂದಳು. "ಅದೊಂದು ಮಾತು ತೆಗೆದುಬಿಡಿ. ನನ್ನ ಮಕ್ಕಳು ಅಪ್ಪನ ಬಗ್ಗೆ ಅದನ್ನ ಕೇಳ್ಕೊಂಡು ಬೆಳೀಬಾರದು." ಸಾಹೇಬ್ರು ಗೇಟಿನ ಒಳಗೇ ನಿಂತು, ವಿಚಾರಣೆ ಇದೆಯಮ್ಮ, ಅಲ್ಲಿ ನೋಡೋಣ ಅಂತ ಸಾಗಹಾಕಿದ್ರು. ಅವಳು ಹೋದಮೇಲೆ ಅತ್ತಿಗೆ ಹತ್ತಿರ, ಇವರಿಗೆಲ್ಲ ಸಲಿಗೆ ಕೊಡಬಾರದು ಅಂದ್ರಂತೆ.

ಬಾವಿ ಹತ್ತಿರ ಕೇಳಿದ ದನಿ ಬಾವಿ ಹತ್ತಿರವೇ ಉಳೀಲಿಲ್ಲ. ಮನೆಗೇ ಬಂತು.

ಅವರ ಮನೇಲಿ ಎಲ್ಲಕ್ಕೂ ಬುದ್ಧಿ ಇದೆ, ಯಜಮಾನರೊಬ್ಬರನ್ನ ಬಿಟ್ಟು. ಪರದೆ ತಾನೇ ಮುಚ್ಕೊಳ್ಳುತ್ತೆ. ಫ್ರಿಜ್ ಕರೆಂಟ್ ಉಳಿಸೋಕೆ ತಾನೇ ನಿದ್ದೆ ಮಾಡುತ್ತೆ. ಗೋಡೆ ಮೇಲೆ ಒಂದು ಡಬ್ಬಿ. ದೀಪ ಹಾಕು ಅಂದ್ರೆ ಹಾಕುತ್ತೆ, ಆರಿಸು ಅಂದ್ರೆ ಆರಿಸುತ್ತೆ, ಮನೆಯೋರು ಆಡಿದ ಮಾತನ್ನೆಲ್ಲ ಕೇಳಿಸ್ಕೊಂಡು ಕಂಪನಿಗೆ ಕಳಿಸುತ್ತೆ. ಅತ್ತಿಗೆ ಅದರ ಮೇಲೆ ಟವೆಲ್ ಹಾಕ್ತಿದ್ರು, ಇವರು ತೆಗೀತಿದ್ರು.

ದಿನಾ ರಾತ್ರಿ ಒಂದೇ ಥರ. ಬೀದೀಲಿ ಎಲ್ಲರ ಮನೇಲೂ ದೀಪ. ಇವರ ಮನೇಲಿ ಮಾತ್ರ ಒಂದೊಂದೇ ಕೋಣೆ ಕತ್ತಲಾಗ್ತಾ ಬರೋದು. ಫ್ರಿಜ್ಜಿನ ಗುಂಯ್ ಅನ್ನೋ ಸದ್ದು ನಿಲ್ಲೋದು. ಡಬ್ಬಿಯ ನೀಲಿ ಕಣ್ಣು ಒಂದು ಮಾತ್ರ ಉರೀತಿರೋದು. ಆಮೇಲೆ ಹೊರಗೆ, ಮೀಟರ್ ಇರೋ ಗೋಡೆ ಹತ್ತಿರ... ಬೆಲ್ಟು. ಬಕಲ್ಲು. ಗ್ಲೌಸು. ಆಮೇಲೆ ಆ ಪ್ರಶ್ನೆ. ಉತ್ತರ ಬರದಿದ್ರೆ ಕಾಯ್ತಾನೆ. ಮತ್ತೆ ಕೇಳ್ತಾನೆ. ಹತ್ತೋದೂ ಇಲ್ಲ, ಹೋಗೋದೂ ಇಲ್ಲ. ಬೆಳಗಾಗೋವರೆಗೂ ಇದೇ.

ವಿಚಾರಣೆಯ ಹಿಂದಿನ ದಿನ ಅತ್ತಿಗೆ ನನಗೆ ಫೋನ್ ಮಾಡಿದ್ರು. ಇವತ್ತೊಂದು ರಾತ್ರಿ ಬಂದು ಇರು, ನನ್ನ ಕೈಲಾಗ್ತಿಲ್ಲ ಅಂದ್ರು. ವೈರಿಂಗ್ ಕೆಟ್ಟಿರಬೇಕು, ಸಾಹೇಬರ ಜಂಬ ಇಳಿದಿರೋದನ್ನಾದ್ರೂ ನೋಡೋಣ ಅಂತ ಹೋದೆ. ನಿಜ ಹೇಳ್ತೀನಿ, ಕತ್ತಲಾಗೋವರೆಗೂ ಒಳಗೊಳಗೇ ನಗ್ತಾ ಇದ್ದೆ.

ಮೂರೂ ಜನ ನಡುಮನೇಲಿ ಕೂತಿದ್ವಿ. ದೀಪ ಹೋಯ್ತು. ಫ್ರಿಜ್ ನಿಂತಿತು. ಕಿಟಕಿಯಾಚೆ ಕಿರ್ರ್... ಠಕ್... ಚಟ್. ನಾನು ಕುರ್ಚಿ ಎಳ್ಕೊಂಡು ಅತ್ತಿಗೆ ಹತ್ತಿರ ಸರಿದೆ.

"ಸಾರ್... ಹತ್ಲಾ?"

ಅತ್ತಿಗೆ ಗಂಡನ ತೋಳು ಹಿಡ್ಕೊಂಡ್ರು. "ಉತ್ತರ ಕೊಡ್ರೀ," ಅಂತ ಪಿಸುಗುಟ್ಟಿದ್ರು. "ಹತ್ಬೇಡ ಅನ್ರೀ. ಅಷ್ಟೇ ತಾನೆ ಅವನು ಕೇಳ್ತಿರೋದು."

ಸಾಹೇಬ್ರು ಗೋಡೆ ಮೇಲಿನ ಡಬ್ಬಿ ಕಡೆ ಬೆರಳು ತೋರಿಸಿ, ಇನ್ನೂ ಮೆಲ್ಲಗೆ ಪಿಸುಗುಟ್ಟಿದ್ರು. "ಅದು ಕೇಳಿಸ್ಕೊಳ್ಳುತ್ತೆ ಕಣೇ."

"ಕೇಳಿಸ್ಕೊಂಡ್ರೆ?"

"ನಾನು ಉತ್ತರ ಕೊಟ್ರೆ... ಅವನು ಕೇಳಿದ್ದ ಅಂತಾಗುತ್ತೆ."

ಇಷ್ಟು ಹೊತ್ತು ಅವರು ಇವರು ಅಂತ ಬಹುವಚನ ಹಚ್ಚಿದೆನಲ್ಲ, ಇನ್ನು ನನ್ನ ಕೈಲಾಗಲ್ಲ. ಎಂಥ ಮನುಷ್ಯ ರೀ ಅವನು? ಸತ್ತೋನು ಬಂದು ನಿಂತಿದಾನೆ ಅನ್ನೋ ಭಯ ಅಲ್ಲ ಅವನಿಗೆ. ಡಬ್ಬಿ ಕೇಳಿಸ್ಕೊಂಡುಬಿಡುತ್ತೆ ಅನ್ನೋ ಭಯ. ಹೇಸಿಗೆ ಆಯ್ತು ನನಗೆ. ಆ ಗಳಿಗೇಲಿ ಹೊರಗೆ ನಿಂತಿರೋನ ಪಕ್ಕ ಹೋಗಿ ನಿಂತ್ಕೊಳ್ಳೋದೇ ವಾಸಿ ಅನ್ನಿಸ್ತು.

ಹೊರಗಿಂದ ಮತ್ತೆ ಬಂತು. "ಸಾರ್... ಹತ್ಲಾ?"

ಅತ್ತಿಗೆ ಗಂಡನ ತೋಳು ಬಿಟ್ರು. ಎದ್ದು ಹೋಗಿ ಕಿಟಕಿ ತೆಗೆದ್ರು.

"ಹತ್ಬೇಡಪ್ಪಾ. ಲೈನಲ್ಲಿ ಕರೆಂಟಿದೆ. ಬೆಲ್ಟ್ ಬಿಚ್ಚಿ ಮನೆಗೆ ಹೋಗು."

ಆಮೇಲೆ, ಇಲ್ಲೇ ಪಕ್ಕದಲ್ಲಿ ನಿಂತು ಹೇಳಿದ ಹಾಗೆ, "ಸರಿ ಅಕ್ಕಾ."

ಬಕಲ್ ಬಿಚ್ಚಿದ ಸದ್ದು. ಸೈಕಲ್ ಸ್ಟ್ಯಾಂಡ್ ಒದ್ದ ಸದ್ದು. ಚೈನು ಕಟಕಟ ಅಂತ ಬೀದಿ ತುದೀವರೆಗೂ ಹೋಯ್ತು. ಫ್ರಿಜ್ ಗುಂಯ್ ಅಂತು, ದೀಪ ಬಂತು. ಆಗ ನಮ್ಮ ಮಹಾಪುರುಷ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಓಡಿಹೋಗಿ ಡಬ್ಬೀಲಿ ಏನೇನು ರೆಕಾರ್ಡ್ ಆಗಿದೆ ಅಂತ ಕೇಳಿದ. ಪಿಸುಮಾತು ಯಾವುದೂ ಸಿಕ್ಕಿರ್ಲಿಲ್ಲ, ಕಿಟಕೀಲಿ ಆಡಿದ ಅತ್ತಿಗೆ ದನಿ ಒಂದೇ ಇತ್ತು. ಸದ್ಯ, ಬದುಕಿದೆ ಅಂತ ಕೂತ್ಕೊಂಡ. ಅತ್ತಿಗೆ ಅವನ ಮುಖವನ್ನೇ ನೋಡ್ತಾ ನಿಂತಿದ್ರು.

ಮಾರನೇ ದಿನ ವಿಚಾರಣೆ. ಅವನು ಇಸ್ತ್ರಿ ಶರ್ಟ್ ಹಾಕ್ಕೊಂಡು ಹೋಗಿ, ಅದೇ ಪಾಠ ಒಪ್ಪಿಸಿದ. ಕೇಳಲಿಲ್ಲ, ಕೇಳದೆ ಹತ್ತಿದ. ಅತ್ತಿಗೆ ಹೊರಗೆ ವರಾಂಡದಲ್ಲಿ ಲೈನ್‌ಮನ್ ಹೆಂಡತಿ ಪಕ್ಕ ಕೂತಿದ್ರು, ನಾನೂ ಇದ್ದೆ. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸ್ತಿತ್ತು. ಅತ್ತಿಗೆ ಎದ್ದು ಸೀದಾ ಒಳಗೆ ಹೋದ್ರು. ಲೈನ್‌ಮನ್ ಸತ್ತ ದಿನ ಊಟದ ಮೇಜಲ್ಲಿ ಗಂಡನ ಎದುರಿಗೆ ಕೂತಿದ್ದೋರು ಅವರು. ಫೋನ್ ಸ್ಪೀಕರ್ ಮೇಲಿತ್ತು.

"ಅವನು ಕೇಳಿದ್ದ," ಅಂದ್ರು. "ನನ್ನ ಕಿವಿಯಾರೆ ಕೇಳಿದೀನಿ. ಹತ್ತು ಅಂದವರು ಇವರು. ಇಷ್ಟು ದಿನ ಗಂಡ ಅಂತ ಸುಮ್ಮನಿದ್ದೆ."

ಅವನು ಏನಂದ ಹೇಳಿ ನೋಡೋಣ. ಇವಳಿಗೆ ರಾತ್ರಿ ನಿದ್ದೆ ಇಲ್ಲ ಸಾರ್, ಇಲ್ಲದ್ದೆಲ್ಲ ಕೇಳಿಸುತ್ತೆ ಅಂದ! ವಿಚಾರಣೆಗೆ ಬಂದಿದ್ದ ಅಧಿಕಾರಿ ಅವನ ಮುಖ ನೋಡಿದ್ರು, ಅತ್ತಿಗೆ ಮುಖ ನೋಡಿದ್ರು, ಕನ್ನಡಕ ತೆಗೆದು ಕೆಳಗಿಟ್ರು. ಆ ಒಂದು ಸಾಲು ವರದಿಯಿಂದ ಹೋಯ್ತು. ಕೇಳಿಯೇ ಹತ್ತಿದ್ದ ಅಂತ ಬಂತು. ಇವನಿಗೇನಾಯ್ತು ಅಂತೀರಾ? ಏನಾಗುತ್ತೆ ಇಂಥವರಿಗೆ? ಬೇರೆ ಊರಿಗೆ ಹಾಕಿದ್ರು, ಅಲ್ಲೂ ಒಂದು ಕುರ್ಚಿ ಸಿಕ್ತು. ಅತ್ತಿಗೆ ಅವನ ಜೊತೆ ಹೋಗಲಿಲ್ಲ, ಅಷ್ಟೇ.

ಇನ್ನೊಂದು ಇದೆ. ಅದನ್ನ ಹೇಳಿ ಮುಗಿಸ್ತೀನಿ.

ವಿಚಾರಣೆ ದಿನ ಬೆಳಿಗ್ಗೆ ನಾನೂ ಅತ್ತಿಗೇನೂ ಲೈನ್‌ಮನ್ ಹೆಂಡತೀನ ಕರ್ಕೊಂಡು ಬರೋಕೆ ಅವಳ ಮನೆಗೆ ಹೋಗಿದ್ವಿ. ಕಂಪನಿ ಕೊಟ್ಟ ಮನೆ ಅದು. ಆಳು ಸತ್ತ ಅಂತ ಆ ವಾರವೇ ಸ್ಕ್ರೀನಿಂದ ಅವಳ ಕರೆಂಟ್ ಕತ್ತರಿಸಿದ್ರು. ಸಾಲದು ಅಂತ ಆಳು ಕಳಿಸಿ ತಂತೀನೂ ಬಿಚ್ಚಿಸಿದ್ರು. ಅವಳೂ ಮಕ್ಕಳೂ ಮೇಣದಬತ್ತೀಲಿ ಕೂತಿದ್ರು. ನಾವು ಹೋದಾಗ ಮುಂದಿನ ಕೋಣೇಲಿ ಬಲ್ಬ್ ಉರೀತಿತ್ತು.

ಕರೆಂಟ್ ಯಾವಾಗ ಬಂತು ಅಂತ ಅತ್ತಿಗೆ ಕೇಳಿದ್ರು. ನಿನ್ನೆ ರಾತ್ರಿ, ಮಲಗಿದ ಮೇಲೆ, ಅಂದಳು.

ನಾನು ಹೊರಗೆ ಬಂದು ತಲೆ ಎತ್ತಿ ನೋಡಿದೆ. ಕಂಬದಿಂದ ಮನೆಗೆ ಬರೋ ತಂತಿ, ಅವತ್ತು ಬಿಚ್ಚಿದ ಹಾಗೇ, ಸುರುಳಿ ಸುತ್ತಿ ಕಂಬಕ್ಕೇ ಕಟ್ಟಿತ್ತು.

ಆಮೇಲೆ ಕಂಪನಿಯವರು ಬಂದ್ರು, ದೊಡ್ಡ ದೊಡ್ಡ ಓದಿನವರು, ಕೈಲಿ ಏನೇನೋ ಯಂತ್ರ ಹಿಡ್ಕೊಂಡು. ಕಳ್ಳತನದ ಕರೆಂಟ್ ಅಂತ ಗೋಡೆ ತಟ್ಟಿದ್ರು, ಛಾವಣಿ ಹತ್ತಿದ್ರು. ಕೊನೆಗೆ ಮೀಟರನ್ನೇ ಕಿತ್ಕೊಂಡ್ರು, ಬಲ್ಬ್ ಆರಲಿಲ್ಲ. ಸ್ವಿಚ್ ಆರಿಸಿ ನೋಡೋಣ ಅಂತ ಒಬ್ಬ ಕೈ ಹಾಕಿದಾಗ ಆ ಹೆಂಗಸು ಅಡ್ಡ ನಿಂತಳಂತೆ. ಇರ್ಲಿ ಬಿಡಿ ಅಂದಳಂತೆ, ಅಷ್ಟೇ.

ಮೊನ್ನೆ ಸಂಜೆ ಆ ಬೀದೀಲಿ ಬಂದೆ. ಮಕ್ಕಳು ಆ ಬಲ್ಬಿನ ಬೆಳಕಲ್ಲಿ ಕೂತು ಓದ್ಕೋತಿದ್ರು. ಮೀಟರ್ ಇದ್ದ ಗೋಡೇಲಿ ಮೊಳೆ ಕಿತ್ತ ನಾಲ್ಕು ತೂತು ಇದೆ, ಬೇರೇನೂ ಇಲ್ಲ. ನನ್ನ ಮಾತು ಸುಳ್ಳು ಅನ್ನಿಸಿದ್ರೆ ಹೋಗಿ ನೋಡ್ಕೊಂಡು ಬನ್ನಿ.